ಕಾಣದ ಕಾವಲು

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ನನ್ನಿಂದ ಅಪೇಕ್ಷಿಸಿದ್ದು ಶಬ್ದಮಣಿದರ್ಪಣದ ನಾಮಪ್ರಕರಣವನ್ನು ಕುರಿತ ಒಂದು ಲೇಖನವನ್ನು. ಇಪ್ಪತ್ತೆಂಟು ವರ್ಷಗಳಿಂದ ಇದೇ ಶಾಲೆಯ ಮಕ್ಕಳಿಗೆ ಕರ್ತೃ, ಕರ್ಮ, ಕರಣಗಳನ್ನು ಬಿಡಿಸಿ ಹೇಳುತ್ತ ಬಂದವನಿಗೆ ಅದೇನೂ ಕಷ್ಟದ ಕೆಲಸವಲ್ಲ. ನಾಲ್ಕು ಪುಟ ಬರೆದೂ ಆಗಿತ್ತು. ಆದರೆ ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಲೇಖನಿಯನ್ನು ಮುಂದೆ ಓಡಗೊಡಲಿಲ್ಲ. ಅದನ್ನು ಬರೆದು ಮುಗಿಸಿದ ಹೊರತು ಬೇರೇನನ್ನೂ ಬರೆಯಲಾರೆನೆಂದು ಸಂಪಾದಕರಲ್ಲಿ ನಿವೇದಿಸಿಕೊಂಡೆ. ಅವರು ದೊಡ್ಡ ಮನಸ್ಸಿನಿಂದ ಸಮ್ಮತಿಸಿದರು. ಈ ಸಂಗತಿಯಲ್ಲಿ ನನ್ನ ಮಗಳ ಪಾಲಿದೆ, ನನ್ನ ಅಕ್ಕನ ಮಗನ ಪಾಲೂ ಇದೆ. ಇಬ್ಬರ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಹಾಕಬೇಡಿರೆಂದು ಮಗಳು ಹೇಳಿದಳು. ತಪ್ಪು ನನ್ನದು, ಅದನ್ನು ನಾನೇ ಹೇಳತಕ್ಕದ್ದು.

ನನ್ನ ಮಗಳು ದಾವಣಗೆರೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ನಮ್ಮೂರಿನಿಂದ ಅಲ್ಲಿಗೆ ಒಂದೂಕಾಲು ಗಂಟೆಯ ಬಸ್ಸಿನ ಹಾದಿ. ಬೆಳಿಗ್ಗೆ ಏಳೂವರೆಗೆ ಹೊರಟರೆ ಸಂಜೆ ಆರೂವರೆ, ಏಳಕ್ಕೆ ಹಿಂದಿರುಗುವಳು. ೨೦೨೩ರ ಜೂನ್ ತಿಂಗಳಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದಂದಿನಿಂದ ನಮ್ಮ ಹಾದಿಯ ಬಸ್ಸುಗಳಲ್ಲಿ ಕಾಲಿಡಲು ಎಡೆಯಿಲ್ಲ. ಒಂದು ಬಸ್ಸನ್ನು ಬಿಟ್ಟು ಇನ್ನೊಂದಕ್ಕೆ ಬರುವುದು ಅವಳಿಗೆ ವಾಡಿಕೆಯಾಯಿತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅವಳ ದಾರಿ ನೋಡುವುದು ನನಗೆ ವಾಡಿಕೆಯಾಯಿತು. ಕನ್ನಡದಲ್ಲಿ ‘ಕಾಯ್’ ಎಂಬುದಕ್ಕೆ ರಕ್ಷಿಸು ಎಂಬ ಅರ್ಥವಿದೆ, ಎದುರುನೋಡು ಎಂಬ ಅರ್ಥವಿದೆ, ಬಿಸಿಯಾಗು ಎಂಬ ಅರ್ಥವೂ ಇದೆ. ಮಗಳ ಬಸ್ಸು ತಡವಾದ ಸಂಜೆ ನಾನು ಆ ಕಲ್ಲುಬೆಂಚಿನ ಮೇಲೆ ಮೂರು ಅರ್ಥಗಳಲ್ಲಿಯೂ ಕಾದಿದ್ದೇನೆ.

ಶ್ರಾವಣದ ಒಂದು ರಾತ್ರಿ ಮಳೆಯಲ್ಲಿ ಬಸ್ಸು ಕೆಟ್ಟು ನಿಂತು, ಅವಳ ಮೊಬೈಲಿನ ಬ್ಯಾಟರಿಯೂ ಮುಗಿದು, ಒಂಬತ್ತೂವರೆಯವರೆಗೆ ಸುದ್ದಿಯೇ ಇಲ್ಲದಂತಾಯಿತು. ಆ ಎರಡೂವರೆ ಗಂಟೆಯ ಕಾಲ ನನ್ನ ಹೆಂಡತಿ ದೇವರ ಕೋಣೆಯಿಂದ ಏಳಲಿಲ್ಲ. ನಾನು ಅಂಗಳದಲ್ಲಿ ನಿಂತಿದ್ದವನು ಕೂರಲಿಲ್ಲ. ಮಗಳು ನೆನೆದು ತೊಪ್ಪೆಯಾಗಿ ಮನೆಗೆ ಬಂದವಳು ನಮ್ಮನ್ನು ನೋಡಿ ನಕ್ಕುಬಿಟ್ಟಳು. ನಮಗೆ ನಗು ಬರಲಿಲ್ಲ.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗನೊಡನೆ ಈ ಮಾತನ್ನು ಆಡಿಕೊಂಡೆ. ಅವನು ಗಣಕಯಂತ್ರದ ಉದ್ಯೋಗದಲ್ಲಿರುವ ಹುಡುಗ. “ಇದಕ್ಕೇಕೆ ಚಿಂತೆ, ಮಾವ?” ಎಂದು ತನ್ನ ಕೈಚೀಲದಿಂದ ಒಂದು ಬಿಲ್ಲೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಹಳೆಯ ಬೆಳ್ಳಿ ರೂಪಾಯಿಗಿಂತ ತುಸು ದಪ್ಪ, ತೂಕವೆಂಬುದು ಇಲ್ಲವೆನ್ನುವಷ್ಟು ಹಗುರ. ಊರೂರು ಸುತ್ತುವ ತನ್ನ ಪೆಟ್ಟಿಗೆ ಎಲ್ಲಿಯೂ ಕಳೆಯದಿರಲೆಂದು ಇಟ್ಟುಕೊಂಡಿದ್ದನಂತೆ.

ಬಿಲ್ಲೆ ಕೆಲಸ ಮಾಡುವ ಬಗೆಯನ್ನು ನಾನು ಆಗ ತಿಳಿದುಕೊಂಡದ್ದು ಅರ್ಧ; ಉಳಿದರ್ಧವನ್ನು ಪೆಟ್ಟು ತಿಂದ ಮೇಲೆ ಕಲಿತೆ. ಓದುಗರ ಉಪಯೋಗಕ್ಕಾಗಿ ಎರಡನ್ನೂ ಕೂಡಿಸಿ ಹೇಳುತ್ತೇನೆ. ಕಳೆದುಹೋದ ಬೀಗದ ಕೈಯನ್ನೋ ಪೆಟ್ಟಿಗೆಯನ್ನೋ ಹುಡುಕಲೆಂದು ಹುಟ್ಟಿದ ವಸ್ತು ಇದು. ಟೈಲ್ ಎಂಬ ಹೆಸರಿನವು ಮೊದಲೇ ಇದ್ದವು. ಆ್ಯಪಲ್ ಸಂಸ್ಥೆ ೨೦೨೧ರ ಏಪ್ರಿಲಿನಲ್ಲಿ ‘ಏರ್‌ಟ್ಯಾಗ್’ ಎಂಬುದನ್ನು ಹೊರತಂದ ಮೇಲೆ ಇವುಗಳ ಬಳಕೆ ಜಗತ್ತಿನಲ್ಲೆಲ್ಲ ಹಬ್ಬಿತು. ಅದರ ತೂಕ ೧೧ ಗ್ರಾಂ, ಅಡ್ಡಳತೆ ೩೨ ಮಿಲಿಮೀಟರಿನಷ್ಟು. ಒಳಗೆ ಗಡಿಯಾರದ್ದರಂಥ ಒಂದು ಗುಂಡಿ ಬ್ಯಾಟರಿ, ಅದು ಒಂದು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಸ್ಯಾಮ್‌ಸಂಗ್, ಜಿಯೋ ಮೊದಲಾದ ಸಂಸ್ಥೆಗಳೂ ಇಂಥವನ್ನು ಮಾರಿವೆ. ಇವುಗಳ ಒಳಗೆ ಆಕಾಶದ ಉಪಗ್ರಹಗಳೊಡನೆ ವ್ಯವಹರಿಸುವ ಯಂತ್ರವೇನೋ ಇರಬಹುದೆಂದು ನಾನು ಊಹಿಸಿದ್ದೆ. ಅದು ಇಲ್ಲ. ಬಿಲ್ಲೆಗೆ ತಾನೆಲ್ಲಿರುವೆನೆಂಬುದು ತಾನೇ ತಿಳಿಯದು. ಬ್ಲೂಟೂತ್ ಎಂಬ ಸಣ್ಣ ದನಿಯಲ್ಲಿ ‘ಇಲ್ಲಿದ್ದೇನೆ, ಇಲ್ಲಿದ್ದೇನೆ’ ಎಂದು ಪಿಸುಗುಟ್ಟುತ್ತಿರುತ್ತದೆ, ಅಷ್ಟೆ. ಆ ದನಿ ಕೆಲವೇ ಮಾರುಗಳ ದೂರ ಹೋಗುವಂಥದು. ಆದರೆ ದಾರಿಯಲ್ಲಿ ಹೋಗುವ ಯಾರದೋ ಜೇಬಿನ ಮೊಬೈಲು, ಅದರ ಒಡೆಯನಿಗೂ ಅರಿವಿಲ್ಲದಂತೆ, ಆ ಪಿಸುಮಾತನ್ನು ಕೇಳಿಸಿಕೊಂಡು, ತಾನಿರುವ ಸ್ಥಳವನ್ನು ಅದಕ್ಕೆ ಸೇರಿಸಿ, ಗೂಢಲಿಪಿಯಲ್ಲಿ ಮುಂದಕ್ಕೆ ಕಳುಹಿಸುತ್ತದೆ. ಬಿಲ್ಲೆಯನ್ನು ಯಾರ ಮೊಬೈಲಿಗೆ ಕಟ್ಟಿದೆಯೋ ಅವನೊಬ್ಬನೇ ಅದನ್ನು ಬಿಡಿಸಿ ಓದಬಲ್ಲ. ಬಸ್ಸಿನ ತುಂಬ ಜನರಿದ್ದರೆ ಬಿಲ್ಲೆಯ ತುಂಬ ಕಣ್ಣುಗಳಿದ್ದಂತೆ.

ನನ್ನ ಮೊಬೈಲು ಆ ಬಿಲ್ಲೆಯ ಜಾತಿಗೆ ಸೇರಿದ್ದಲ್ಲ. ಆದುದರಿಂದ ಅದು ಅಕ್ಕನ ಮಗನ ಮೊಬೈಲಿಗೇ ಕಟ್ಟಿಕೊಂಡು ಉಳಿಯಿತು. ನಾನು ಕೇಳಿದಾಗ ಅವನು ಬೆಂಗಳೂರಿನಿಂದ ನೋಡಿ ಹೇಳುವುದೆಂದು ಮಾತಾಯಿತು. ಈ ಏರ್ಪಾಟಿನಲ್ಲಿ ಅನುಚಿತವಾದುದೇನೂ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. “ಅವಳಿಗೆ ಒಂದು ಮಾತು ಹೇಳಿಬಿಡಿ” ಎಂದಳು ನನ್ನ ಹೆಂಡತಿ. “ಹೇಳಿದರೆ ಒಪ್ಪುವಳೇ?” ಎಂದೆ ನಾನು. ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಹೇಳಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಹಳೆಯ ಪುಸ್ತಕಗಳ ಬೆನ್ನು ಹೊಲಿಯುವುದು ನನ್ನ ಗುರುಗಳಿಂದ ಬಂದ ಒಂದು ಹವ್ಯಾಸ. ದಬ್ಬಣ, ಮೇಣ ತಿಕ್ಕಿದ ಬಿಳಿಯ ನೂಲು ಮೇಜಿನ ಸೆಳೆಖಾನೆಯಲ್ಲಿ ಸದಾ ಇರುತ್ತವೆ. ಮಗಳು ಬಚ್ಚಲಿಗೆ ಹೋದಾಗ ಅವಳ ಚೀಲದ ಒಳಪದರದ ಹೊಲಿಗೆಯನ್ನು ಎರಡು ಬೆರಳಿನಗಲ ಬಿಚ್ಚಿ, ಬಿಲ್ಲೆಯನ್ನು ಒಳಗೆ ಸರಿಸಿ, ಮತ್ತೆ ಹೊಲಿದೆ. ಐದು ನಿಮಿಷದ ಕೆಲಸ. ಕೈ ನಡುಗಲಿಲ್ಲ.

ಮೂರು ದಿನ ಸುಖವಾಗಿ ಕಳೆಯಿತು. ಸಂಜೆ ಬೆಂಗಳೂರಿಗೆ ದೂರವಾಣಿ ಮಾಡಿ, ಬಸ್ಸು ಎಲ್ಲಿದೆಯೆಂದು ತಿಳಿದು, ಅದು ಊರ ಸಮೀಪಕ್ಕೆ ಬಂದಾಗಷ್ಟೇ ನಿಲ್ದಾಣಕ್ಕೆ ಹೋಗುತ್ತಿದ್ದೆ. ಕಲ್ಲುಬೆಂಚಿನ ಋಣ ಹರಿಯಿತೆಂದು ಹೆಂಡತಿಯೊಡನೆ ವಿನೋದದ ಮಾತನ್ನೂ ಆಡಿದೆ.

ನಾಲ್ಕನೆಯ ದಿನ ಸಂಜೆ ಬಸ್ಸು ಬಂತು, ಮಗಳು ಇಳಿಯಲಿಲ್ಲ. ಅವಳಿಗೆ ಕರೆ ಮಾಡಿದರೆ ಎತ್ತಲಿಲ್ಲ. ಅಕ್ಕನ ಮಗನನ್ನು ಕೇಳಿದೆ. ಅವನು ನೋಡಿ, ನಡುದಾರಿಯ ಒಂದು ಹೋಬಳಿ ಊರಿನ ಹೆಸರನ್ನು ಹೇಳಿ, “ಅಲ್ಲಿಯೇ ನಿಂತಿದೆ ಮಾವ, ಇಪ್ಪತ್ತು ನಿಮಿಷದಿಂದ ಕದಲಿಲ್ಲ” ಎಂದ. ಆ ಊರಿನಲ್ಲಿ ಅವಳಿಗೆ ಪರಿಚಿತರು ಯಾರೂ ಇಲ್ಲ. ಶ್ರಾವಣದ ರಾತ್ರಿ ನನಗೆ ಏನೂ ತಿಳಿಯದೆ ಭಯವಾಗಿತ್ತು. ಈಗ ಸ್ಥಳವೊಂದೇ ತಿಳಿದು, ಕಾರಣ ತಿಳಿಯದೆ, ಅದಕ್ಕಿಂತ ಹೆಚ್ಚಿನ ಭಯವಾಯಿತು. ಬಿಲ್ಲೆ ಎಲ್ಲಿ ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ, ಹೇಗೆ, ಯಾರೊಡನೆ ಎಂಬುದನ್ನು ಹೇಳಲಾರದು. ಅವಳು ಚೀಲದೊಡನೆ ಇರುವಳೋ ಚೀಲವೊಂದೇ ಅಲ್ಲಿ ಬಿದ್ದಿದೆಯೋ ಎಂಬುದನ್ನೂ ಅದು ಹೇಳಲಾರದು. ಆ ಯೋಚನೆ ಬಂದಾಗ ನಾನು ಕಲ್ಲುಬೆಂಚನ್ನು ಹಿಡಿದು ಕುಳಿತೆ.

ಅಷ್ಟರಲ್ಲಿ ಅಪರಿಚಿತ ಸಂಖ್ಯೆಯಿಂದ ಕರೆ ಬಂತು. ಮಗಳ ದನಿ, ಆದರೆ ಅವಳು ತರಗತಿಯಲ್ಲಿ ಮಾತನಾಡುವಂತೆ ಬಿಡಿಬಿಡಿಯಾಗಿ, ನಿಧಾನವಾಗಿ ಮಾತನಾಡಿದಳು. “ಅಪ್ಪಾಜಿ, ಗಾಬರಿಯಾಗಬೇಡಿ. ನನ್ನ ಹಿಂದೆ ಯಾರೋ ಬಿದ್ದಿದ್ದಾರೆ. ನಾನು ಹೋದಲ್ಲಿಗೆಲ್ಲ ಏನೋ ಒಂದು ಯಂತ್ರ ನನ್ನ ಜೊತೆಗೆ ಬರುತ್ತಿದೆಯೆಂದು ಫೋನು ತೋರಿಸುತ್ತಿದೆ. ಮನೆಗೆ ಬಂದರೆ ಅವರಿಗೆ ಮನೆ ಗೊತ್ತಾಗುತ್ತದೆ. ಅದಕ್ಕೇ ನಡುವೆ ಇಳಿದು ಪೊಲೀಸ್ ಠಾಣೆಗೆ ಬಂದಿದ್ದೇನೆ. ನೀವು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಮ್ಮನ ಹತ್ತಿರ ಇರಿ. ಅಮ್ಮನನ್ನು ಒಬ್ಬಳನ್ನೇ ಬಿಡಬೇಡಿ.”

ಒಂದು ವಾಕ್ಯ ಸಾಕಾಗಿತ್ತು. ‘ಅದನ್ನು ಇಟ್ಟವನು ನಾನು, ತಾಯಿ’ ಎಂದು ಅಲ್ಲಿಯೇ ಹೇಳಿದ್ದರೆ ಅವಳ ಭಯ ಆ ಕ್ಷಣಕ್ಕೆ ಮುಗಿಯುತ್ತಿತ್ತು. ಸಭೆಗಳಲ್ಲಿ ಗಂಟೆಗಟ್ಟಲೆ ಮಾತನಾಡಿರುವ ನಾಲಿಗೆ ಆ ನಾಲ್ಕು ಪದಗಳನ್ನು ಆಡಲಿಲ್ಲ. “ಬರುತ್ತೇನೆ” ಎಂದಷ್ಟೇ ಹೇಳಿ, ಪಕ್ಕದ ಮನೆಯವರ ಮೋಟಾರ್ ಸೈಕಲಿನ ಹಿಂದೆ ಕುಳಿತು ಹೊರಟೆ. ದಾರಿ ನಲವತ್ತು ನಿಮಿಷದ್ದು. ಅವಳ ಆ ನಲವತ್ತು ನಿಮಿಷಗಳನ್ನು ನಾನು ಯಾವ ಲೆಕ್ಕಕ್ಕೂ ಬರೆದುಕೊಳ್ಳಲಾರೆ. ಚಾರರನ್ನು ನೇಮಿಸುವ ವಿಚಾರವನ್ನು ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ವಿವರಿಸಿದ್ದಾನೆ. ಸನ್ಯಾಸಿಯ ವೇಷ, ಗೃಹಸ್ಥನ ವೇಷ, ವ್ಯಾಪಾರಿಯ ವೇಷ ಎಂದು ಅವರಲ್ಲಿ ಬಗೆಗಳಿವೆ. ತಂದೆಯ ವೇಷವನ್ನು ಅವನು ಹೇಳಿಲ್ಲವೆಂಬುದು ದಾರಿಯಲ್ಲಿ ನೆನಪಾಯಿತು. ಸಂಕಟದಲ್ಲಿಯೂ ಪಂಡಿತನ ಬುದ್ಧಿ ಉದಾಹರಣೆಯನ್ನು ಹುಡುಕುತ್ತದೆ, ಇದೊಂದು ರೋಗ.

ಠಾಣೆಯಲ್ಲಿ ಒಬ್ಬ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಇದ್ದರು. ಮೇಜಿನ ಮೇಲೆ ಮಗಳ ಚೀಲದಲ್ಲಿದ್ದುದನ್ನೆಲ್ಲ ಹರಡಿದ್ದರು: ಊಟದ ಡಬ್ಬಿ, ಕೊಡೆ, ಉತ್ತರಪತ್ರಿಕೆಗಳ ಕಟ್ಟು, ಒಂದು ಸಣ್ಣ ಕನ್ನಡಿ. ಮೊಬೈಲಿನ ಪರದೆಯ ಮೇಲೆ ಒಂದು ನಕ್ಷೆ ಇತ್ತು. ಅದರಲ್ಲಿ ಚುಕ್ಕಿಗಳು. ಕಾಲೇಜಿನ ಮೇಲೊಂದು, ದಾವಣಗೆರೆಯ ನಿಲ್ದಾಣದ ಮೇಲೊಂದು, ಹಾದಿಯುದ್ದಕ್ಕೂ ಹಲವು. ಕೊನೆಯ ಚುಕ್ಕಿ ನಮ್ಮ ಮನೆಯ ಮೇಲಿತ್ತು. ಮನೆಯನ್ನು ಮುಚ್ಚಿಡಲೆಂದು ಅವಳು ನಡುದಾರಿಯಲ್ಲಿ ಇಳಿದಿದ್ದಳು. ಮನೆ ಮೊದಲೇ ಅದರಲ್ಲಿತ್ತು. ಹಿಂದಿನ ದಿನವೂ ಇಂಥದೇ ಒಂದು ಸೂಚನೆ ಬಂದಿತ್ತಂತೆ. ಯಾವುದೋ ಜಾಹೀರಾತೆಂದು ಓದದೆ ಒರೆಸಿಹಾಕಿದ್ದಳಂತೆ.

ಆ ಸೂಚನೆಯಲ್ಲಿಯೇ ಒಂದು ಗುಂಡಿಯಿದೆ. ಒತ್ತಿದರೆ ಬಿಲ್ಲೆ ಸದ್ದು ಮಾಡುತ್ತದೆ. ನಾನು ಒಳಗೆ ಕಾಲಿಡುವ ಸ್ವಲ್ಪ ಮೊದಲು ಅದನ್ನು ಒತ್ತಿ, ಜೀರುಂಡೆಯಂತೆ ಕೂಗುತ್ತಿದ್ದ ಚೀಲದ ಒಳಪದರವನ್ನು ಬೆರಳಿನಿಂದ ತಡವಿ ಸ್ಥಳವನ್ನು ಕಂಡುಹಿಡಿದಿದ್ದರು. ಬ್ಲೇಡಿನಿಂದ ಹೊಲಿಗೆಯನ್ನು ಕತ್ತರಿಸಿದ್ದರು. ಬಿಲ್ಲೆ ಮೇಜಿನ ಮೇಲಿತ್ತು. ಆದರೆ ಮಗಳು ಬಿಲ್ಲೆಯನ್ನು ನೋಡುತ್ತಿರಲಿಲ್ಲ. ಕತ್ತರಿಸಿದ ನೂಲಿನ ತುಣುಕನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಮೇಣದ ಬಿಳಿಯ ನೂಲು. ಚಿಕ್ಕವಳಿದ್ದಾಗ ತನ್ನ ಪಠ್ಯಪುಸ್ತಕಗಳನ್ನು ಪ್ರತಿ ಜೂನ್ ತಿಂಗಳಿನಲ್ಲಿ ನನ್ನ ಮುಂದೆ ತಂದಿಟ್ಟು ಹೊಲಿಸಿಕೊಳ್ಳುತ್ತಿದ್ದವಳು ಅವಳು. ನೂಲನ್ನು ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೇಳಬೇಕಾದುದೇನೂ ಉಳಿದಿರಲಿಲ್ಲ, ಆದರೂ ಹೇಳಿದೆ.

ಹೆಡ್ ಕಾನ್ಸ್‌ಟೇಬಲ್ ಗದರುವರೆಂದು ಎಣಿಸಿದ್ದೆ. ಅವರು ಗದರಲಿಲ್ಲ. “ಸಾರ್, ಇದು ಯಾರ ಫೋನಿಗೆ ಕಟ್ಟಿದೆ?” ಎಂದು ಮಾತ್ರ ಕೇಳಿದರು. ಅಕ್ಕನ ಮಗನದೆಂದೆ. ಅವರು ಮಗಳ ಮುಖವನ್ನು ಒಮ್ಮೆ ನೋಡಿ ಸುಮ್ಮನಾದರು. ಆ ಮೌನದ ಅರ್ಥವನ್ನು ಮುಂದೆ ಹೇಳುತ್ತೇನೆ. ಬಳಿಕ ಅವರು ಹೇಳಿದ ವಿಷಯಗಳು ನಮ್ಮ ಶಾಲೆಯ ಹೆಣ್ಣುಮಕ್ಕಳಿಗೂ ಅವರ ತಾಯಂದಿರಿಗೂ ಪ್ರಯೋಜನಕಾರಿಯಾದುದರಿಂದ ಇಲ್ಲಿ ಬರೆಯುತ್ತೇನೆ.

ಮಗಳು ಮಾಡಿದುದೆಲ್ಲ ಸರಿಯಾಗಿತ್ತೆಂದರು. ಹೀಗೆ ಸೂಚನೆ ಬಂದಾಗ ನೇರವಾಗಿ ಮನೆಗೆ ಹೋಗದೆ, ಜನರಿರುವ ಕಡೆಗೋ ಠಾಣೆಗೋ ಹೋಗಬೇಕು. ಇಲ್ಲವೇ ೧೧೨ಕ್ಕೆ ಕರೆ ಮಾಡಬೇಕು. ಸೂಚನೆಯನ್ನು ಒರೆಸಿಹಾಕದೆ, ನಕ್ಷೆ ಸಹಿತವಾಗಿ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಬಿಲ್ಲೆ ಸಿಕ್ಕಿದೊಡನೆ ಸಿಟ್ಟಿನಿಂದ ಒಡೆದು ಎಸೆಯಬಾರದು, ಅದೇ ಸಾಕ್ಷ್ಯ. ಸಿಕ್ಕ ಜಾಗದಲ್ಲಿಯೇ ಅದರ ಚಿತ್ರ ತೆಗೆದು, ಮೊಬೈಲಿನ ಬೆನ್ನಿಗೆ ತಾಗಿಸಿದರೆ, ಆ ಸೌಲಭ್ಯವಿರುವ ಮೊಬೈಲುಗಳಲ್ಲಿ, ಬಿಲ್ಲೆಯ ಕ್ರಮಸಂಖ್ಯೆಯೂ ಕೆಲವೊಮ್ಮೆ ಒಡೆಯನ ದೂರವಾಣಿಯ ಕೊನೆಯ ನಾಲ್ಕು ಅಂಕಿಗಳೂ ಕಾಣುತ್ತವೆ. ಅದನ್ನು ಗುರುತು ಮಾಡಿಕೊಂಡ ಮೇಲೆ ಹಿಂಬದಿಯನ್ನು ತಿರುಗಿಸಿ ಬ್ಯಾಟರಿಯನ್ನು ತೆಗೆದರೆ ಬಿಲ್ಲೆ ಮೂಕವಾಗುತ್ತದೆ. ಆದರೆ ಹಾಗೆ ತೆಗೆದೊಡನೆ, ಇಟ್ಟವನಿಗೆ ಅದು ನಿಂತುದು ತಿಳಿಯುತ್ತದೆ. ಇಟ್ಟವನು ಮನೆಯೊಳಗಿನವನೇ ಆಗಿ, ಕೈ ಮಾಡುವ ಸ್ವಭಾವದವನೂ ಆಗಿದ್ದರೆ, ಹೆಣ್ಣುಮಗಳು ಮೊದಲು ತಾನು ಸುರಕ್ಷಿತವಾದ ಜಾಗವನ್ನು ಸೇರಿ ಆಮೇಲೆ ಅದಕ್ಕೆ ಕೈ ಹಾಕಬೇಕೆಂದು ಅವರು ಒತ್ತಿ ಹೇಳಿದರು. ಹೆಂಗಸರ ಸಹಾಯಕ್ಕೆ ೧೮೧ ಎಂಬ ಸಂಖ್ಯೆಯೂ ಇದೆ.

ಈ ಸೂಚನೆ ತಾನಾಗಿ ಹುಟ್ಟಿದ್ದಲ್ಲ. ಬಿಲ್ಲೆಗಳು ಬಂದ ಒಂದೆರಡು ವರ್ಷಗಳಲ್ಲಿಯೇ ಅಮೆರಿಕ ಮೊದಲಾದ ಕಡೆ ಬಿಟ್ಟುಹೋದ ಹೆಂಡತಿಯನ್ನು, ಒಲ್ಲೆನೆಂದ ಹುಡುಗಿಯನ್ನು ಬೆನ್ನಟ್ಟುವವರ ಕೈಗೆ ಇವು ಸಿಕ್ಕಿ, ನೊಂದವರು ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. ಮೊದಲು ಬಿಲ್ಲೆ ತನ್ನ ಒಡೆಯನಿಂದ ಮೂರು ದಿನ ದೂರವಿದ್ದರೆ ಸದ್ದು ಮಾಡುತ್ತಿತ್ತು. ೨೦೨೧ರ ಜೂನಿನಲ್ಲಿ ಆ ಅವಧಿಯನ್ನು ಎಂಟರಿಂದ ಇಪ್ಪತ್ತನಾಲ್ಕು ಗಂಟೆಗೆ ಇಳಿಸಿದರು. ಮೊದಲು ಒಂದು ಜಾತಿಯ ಮೊಬೈಲಿಗೆ ಮಾತ್ರ ಎಚ್ಚರಿಕೆ ಬರುತ್ತಿತ್ತು. ನಮ್ಮ ದೇಶದಲ್ಲಿ ಹೆಚ್ಚು ಜನರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲುಗಳಿಗೆ ೨೦೨೩ರ ಜುಲೈಯಿಂದ ಈ ಎಚ್ಚರಿಕೆ ತಾನಾಗಿ ಬರತೊಡಗಿತು. ೨೦೨೪ರ ಮೇ ತಿಂಗಳಿನಲ್ಲಿ ಆ್ಯಪಲ್, ಗೂಗಲ್ ಎರಡೂ ಸಂಸ್ಥೆಗಳು ಕೂಡಿ ಒಂದೇ ಪದ್ಧತಿಯನ್ನು ಜಾರಿಗೆ ತಂದವು. ನನ್ನ ಮಗಳನ್ನು ಎಚ್ಚರಿಸಿದ್ದು ಈ ಏರ್ಪಾಟೇ. ಒಡೆಯನು ಬೆಂಗಳೂರಿನಲ್ಲಿ, ಬಿಲ್ಲೆ ದಾವಣಗೆರೆಯ ಹಾದಿಯಲ್ಲಿ ಅವಳೊಡನೆ ಪ್ರತಿದಿನ ಓಡಾಡುತ್ತ. ಯಂತ್ರದ ಲೆಕ್ಕದಲ್ಲಿ ಅದು ಬೆನ್ನಟ್ಟುವಿಕೆಯೇ. ಯಂತ್ರದ ಲೆಕ್ಕ ತಪ್ಪಿರಲಿಲ್ಲ. ಬ್ಲೂಟೂತ್ ಮತ್ತು ಸ್ಥಳಸೂಚಿ ಎರಡೂ ತೆರೆದಿದ್ದರೆ ಮಾತ್ರ ಈ ಎಚ್ಚರಿಕೆ ಕೆಲಸ ಮಾಡುತ್ತದೆ. ಸಂದೇಹವಿದ್ದರೆ ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಸುರಕ್ಷತೆಯ ಭಾಗಕ್ಕೆ ಹೋಗಿ ಅಪರಿಚಿತ ಟ್ರ್ಯಾಕರನ್ನು ನಾವೇ ಹುಡುಕಿಸಲೂ ಬಹುದು.

ಇಷ್ಟರಿಂದ ನಿಶ್ಚಿಂತರಾಗುವಂತಿಲ್ಲ. ಸಿಮ್ ಕಾರ್ಡು ಹಾಕಿದ ಜಿ.ಪಿ.ಎಸ್. ಪೆಟ್ಟಿಗೆಗಳು ಬೇರೆಯೇ ಬಗೆಯವು. ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಕೇಳಿ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಂಡು, ಸಿಮ್ಮಿನ ಮೂಲಕ ಅವು ಸುದ್ದಿ ಕಳುಹಿಸುತ್ತವೆ. ಅವುಗಳಿಗೆ ದಾರಿಹೋಕರ ಮೊಬೈಲು ಬೇಡ. ನಮ್ಮ ಮೊಬೈಲು ಅವುಗಳ ಬಗ್ಗೆ ಎಚ್ಚರಿಸುವುದೂ ಇಲ್ಲ. ಸ್ಕೂಟರಿನ ಸೀಟಿನ ಕೆಳಗೆ ಬ್ಯಾಟರಿಯ ತಂತಿಗೆ ಬೆಸೆದು, ಕಾರಿನ ತಳಕ್ಕೆ ಅಯಸ್ಕಾಂತದಿಂದ ಅಂಟಿಸಿ, ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಸಿಕ್ಕಿಸಿ ಇಡಬಹುದು. ಅಂಥ ಸಂದೇಹವಿದ್ದರೆ ಗುರುತಿನ ಮೆಕ್ಯಾನಿಕ್ಕನಿಂದ ಬಿಚ್ಚಿಸಿ ನೋಡುವುದೇ ದಾರಿ. ಇದಾವುದೂ ಬೇಡವೆನ್ನುವವರಿಗೆ ನಮ್ಮ ಕೈಯಲ್ಲಿರುವ ಮೊಬೈಲೇ ಇದೆ. ಅದರ ಗುಟ್ಟಿನ ಸಂಖ್ಯೆ ತಿಳಿದವರು ಅರ್ಧ ನಿಮಿಷ ಕೈಗೆ ತೆಗೆದುಕೊಂಡರೆ, ನಾವಿರುವ ಜಾಗ ಅವರಿಗೆ ಸದಾ ಕಾಣುವಂತೆ ಮಾಡಿಟ್ಟುಬಿಡಬಲ್ಲರು. ಯಾರು ಯಾರಿಗೆ ನಮ್ಮ ಸ್ಥಳ ಕಾಣುವಂತಿದೆಯೆಂದು ಆಗಾಗ ತೆರೆದು ನೋಡಬೇಕೆಂದು ಆ ಹೆಡ್ ಕಾನ್ಸ್‌ಟೇಬಲ್ ಮಗಳಿಗೆ ಅಲ್ಲಿಯೇ ತೋರಿಸಿಕೊಟ್ಟರು. ನಾನು ದೂರದಲ್ಲಿ ನಿಂತು ಕೇಳಿಸಿಕೊಂಡೆ.

ಕೊನೆಯ ಬಸ್ಸಿಗೆ ಊರಿಗೆ ಬಂದೆವು. ಒಂದೇ ಆಸನದಲ್ಲಿ ಕುಳಿತಿದ್ದರೂ ಮಾತಿಲ್ಲ. ಅವಳು ಮಾತನಾಡಿದ್ದು ಮರುದಿನ ರಾತ್ರಿ, ಊಟವಾದ ಮೇಲೆ. ಸಿಟ್ಟು ಮಾಡಿಕೊಳ್ಳಲಿಲ್ಲ; ಪಾಠ ಹೇಳಿದಳೆನ್ನಬೇಕು. “೨೦೨೪ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಒಂದು ತೀರ್ಪಾಯಿತು ಅಪ್ಪಾಜಿ. ಮಾದಕ ವಸ್ತುವಿನ ಮೊಕದ್ದಮೆಯ ಆರೋಪಿಗೆ ಜಾಮೀನು ಕೊಡುವಾಗ, ತಾನಿರುವ ಜಾಗ ತನಿಖೆಯವರಿಗೆ ಕಾಣುವಂತೆ ಗೂಗಲ್ ನಕ್ಷೆಯಲ್ಲಿ ಗುರುತು ಹಾಕಿಡಬೇಕೆಂದು ಷರತ್ತು ಹಾಕಿದ್ದರು. ಆರೋಪಿಯ ಓಡಾಟದ ಮೇಲೆ ಸದಾ ಕಣ್ಣಿಡುವಂಥ ಷರತ್ತು ಸಲ್ಲದು, ಅದು ಅವನ ಖಾಸಗಿತನದ ಹಕ್ಕಿಗೆ ವಿರುದ್ಧ ಎಂದು ನ್ಯಾಯಾಲಯ ಅದನ್ನು ತೆಗೆದುಹಾಕಿತು. ನಾನು ಯಾವ ಅಪರಾಧ ಮಾಡಿದ್ದೆ?”

ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಹೇಳಿದ್ದು, ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನನಗೂ ಗೊತ್ತಿತ್ತು. ಕನ್ನಡಿಗರೆಂಬ ಅಭಿಮಾನದಿಂದ ಪ್ರಾರ್ಥನಾ ಸಭೆಯಲ್ಲಿ ಮಕ್ಕಳಿಗೆ ಅವರ ವಿಷಯವನ್ನು ಹೇಳಿಯೂ ಇದ್ದೆ. ಆ ಹಕ್ಕು ಮನೆಯ ಹೊಸ್ತಿಲಿನ ಒಳಗೂ ಬರುತ್ತದೆಂದು ಎಣಿಸಿರಲಿಲ್ಲ.

ಕಾನೂನಿನ ಪುಸ್ತಕವನ್ನೂ ಅವಳಿಂದಲೇ ಇಸಿದುಕೊಂಡು ನೋಡಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೭೮ನೆಯ ಪ್ರಕರಣ ಹಿಂಬಾಲಿಸುವಿಕೆಯನ್ನು ಕುರಿತದ್ದು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪುರುಷನು ಅವಳನ್ನು ಹಿಂಬಾಲಿಸಿ ಮತ್ತೆ ಮತ್ತೆ ಸಂಪರ್ಕಿಸುವುದು ಅಥವಾ ಸಂಪರ್ಕಿಸಲು ಯತ್ನಿಸುವುದು, ಅವಳ ಅಂತರ್ಜಾಲ ಮೊದಲಾದ ವಿದ್ಯುನ್ಮಾನ ಸಂಪರ್ಕದ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸ, ಜೊತೆಗೆ ಜುಲ್ಮಾನೆ. ಬಿಲ್ಲೆಯ ಹೆಸರು ಅದರಲ್ಲಿಲ್ಲ. ವೈಯಾಕರಣನಾದ ನನ್ನ ಮನಸ್ಸು ‘ಹಿಂಬಾಲಿಸು’ ಎಂಬ ಕ್ರಿಯಾಪದದಲ್ಲಿ ಸಿಕ್ಕಿಕೊಂಡಿತು. ಬಿಲ್ಲೆ ಹಿಂಬಾಲಿಸಿತು ಎಂದು ನಾವೆಲ್ಲ ಹೇಳುತ್ತೇವೆ. ಬಿಲ್ಲೆಯು ಪ್ರಥಮಾ ವಿಭಕ್ತಿಯಲ್ಲಿ ನಿಂತುಬಿಡುತ್ತದೆ, ಕರ್ತೃವಿನ ಪೀಠದಲ್ಲಿ. ವಾಸ್ತವವಾಗಿ ಅದರ ಸ್ಥಾನ ತೃತೀಯೆ: ಬಿಲ್ಲೆಯಿಂದ ಹಿಂಬಾಲಿಸಿದನು. ಹಾಗೆಂದೊಡನೆ ‘ಯಾರು?’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ‘ಕತ್ತಿಯಿಂದ ಕಡಿದನು’ ಎಂದು ನೂರು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ಕರ್ತೃ ಎಲ್ಲಿ ಎಂದು ಮಕ್ಕಳನ್ನು ಕೇಳಿದ್ದೇನೆ.

ಈಗ ಠಾಣೆಯಲ್ಲಿನ ಆ ಮೌನದ ವಿಷಯ. ಇದುವರೆಗೆ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಅಕ್ಕನ ಮಗನೆಂದರೆ ನಮ್ಮ ಕಡೆ ಮಗಳಿಗೆ ವರಸೆಯಾಗುವವನು. ಎರಡು ವರ್ಷದ ಹಿಂದೆ ನನ್ನ ಅಕ್ಕ ಸಂಬಂಧ ಕೇಳಿದ್ದಳು. ಮಗಳು ಬೇಡವೆಂದಿದ್ದಳು. ಹುಡುಗ ಅದನ್ನು ಗೌರವದಿಂದ ಒಪ್ಪಿಕೊಂಡ, ಮನಸ್ತಾಪವೇನೂ ಉಳಿಯಲಿಲ್ಲ. ಆದುದರಿಂದಲೇ ನಾನು ಆ ಮಾತನ್ನು ಮರೆತಿದ್ದೆ. ಮಗಳು ಮರೆತಿರಲಿಲ್ಲ. ತಾನು ಬೇಡವೆಂದ ಹುಡುಗನ 손ಕೈಗೆ ತನ್ನ ಪ್ರತಿದಿನದ ಹಾದಿಯನ್ನು ತನ್ನ ತಂದೆಯೇ ಒಪ್ಪಿಸಿದ್ದಾನೆ ಎಂಬುದು ಅವಳಿಗೆ ಠಾಣೆಯಲ್ಲಿ ಒಂದೇ ಕ್ಷಣದಲ್ಲಿ ಹೊಳೆದಿತ್ತು. ಆ ಹೆಡ್ ಕಾನ್ಸ್‌ಟೇಬಲ್ ಅವಳ ಮುಖದಲ್ಲಿ ಅದನ್ನು ಓದಿದ್ದರು. ನನಗೆ ಹೊಳೆಯಲು ಮರುದಿನ ಅವಳೇ ಬಾಯಿಬಿಟ್ಟು ಹೇಳಬೇಕಾಯಿತು.

ಹುಡುಗ ಮುಂದಿನ ಭಾನುವಾರವೇ ಬಂದ. ಅವಳ ಎದುರಿಗೆ ಕುಳಿತು, ಬಿಲ್ಲೆಯ ಕಟ್ಟನ್ನು ತನ್ನ ಮೊಬೈಲಿನಿಂದ ಬಿಡಿಸಿ ತೋರಿಸಿದ. “ಮಾವ ಕೇಳಿದಾಗ ಮಾತ್ರ ನೋಡಿದೆ, ಬೇರೆ ಹೊತ್ತಿನಲ್ಲಿ ನೋಡಿಲ್ಲ” ಎಂದ. ನಾನು ಅವನನ್ನು ನಂಬುತ್ತೇನೆ. ಬಾಲ್ಯದಿಂದ ಕಂಡ ಹುಡುಗ. ಆದರೆ ಅವನು ನೋಡಿದನೋ ಇಲ್ಲವೋ ಎಂಬುದನ್ನು ತಿಳಿಯುವ ಉಪಾಯ ನಮ್ಮ ಬಳಿ ಯಾವುದೂ ಇಲ್ಲ. ನಂಬದಿರುವ ಸ್ವಾತಂತ್ರ್ಯವನ್ನು ಮಗಳು ಇಟ್ಟುಕೊಂಡಳು. “ಇರಲಿ” ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋದಳು. ಅವನು ತಲೆ ತಗ್ಗಿಸಿ ಕುಳಿತಿದ್ದ. ಅವನನ್ನು ಆ ಸ್ಥಿತಿಗೆ ತಂದವನೂ ನಾನೇ.

ಹತ್ತನೆಯ ತರಗತಿಗೆ ರಾಮಾಯಣದ ಕಥೆಯನ್ನು ಹೇಳುವಾಗ ಒಂದು ಪ್ರಸಂಗವನ್ನು ನಾನು ಬೇಗ ಬೇಗ ದಾಟಿಬಿಡುತ್ತಿದ್ದೆ. ಅಶೋಕವನದಲ್ಲಿ ಹನುಮಂತನನ್ನು ಮೊದಲು ಕಂಡಾಗ ಸೀತೆ ಸಂತೋಷಪಡುವುದಿಲ್ಲ. ಇವನು ವೇಷ ಮರೆಸಿಕೊಂಡು ಬಂದ ರಾವಣನೇ ಇರಬೇಕೆಂದು ಹೆದರುತ್ತಾಳೆ. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈ ವರ್ಷ ಆ ಭಾಗಕ್ಕೆ ಬಂದಾಗ ನಿಧಾನಿಸಿದೆ. ಹಿತೈಷಿಯೋ ಹಗೆಯೋ ಎಂಬುದು ಮರದ ಮೇಲೆ ಅಡಗಿದವನಿಗೆ ಗೊತ್ತು. ಕೆಳಗೆ ಕುಳಿತವಳಿಗೆ ಗೊತ್ತಾಗುವುದು ಅವನು ಎದುರಿಗೆ ಬಂದು ಹೆಸರು ಹೇಳಿದ ಮೇಲೆ. ಹನುಮಂತ ಹೇಳಿದ.

ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳಲ್ಲಿ ಕೆಲವರು ಮಕ್ಕಳ ಸೈಕಲ್ಲಿಗೆ, ಚೀಲಕ್ಕೆ ಇಂಥ ಬಿಲ್ಲೆಗಳನ್ನು ಹಾಕುವ ವಿಚಾರವಾಗಿ ನನ್ನನ್ನು ಕೇಳಿದ್ದುಂಟು. ಚಿಕ್ಕ ಮಕ್ಕಳಿಗೆ ಬೇಡವೆನ್ನಲು ನಾನು ಯಾರು? ಮಗುವಿಗೆ ತೋರಿಸಿ, ಇದು ಇಂಥದು, ಇದನ್ನು ನೋಡುವವರು ನಾವು ಎಂದು ಹೇಳಿ ಹಾಕಿರೆಂದು ಮಾತ್ರ ಹೇಳುತ್ತೇನೆ. ಕೆಲವರಿಗೆ ಈ ಉತ್ತರ ರುಚಿಸುವುದಿಲ್ಲ.

ಅವಳ ಬಸ್ಸು ಈಗಲೂ ತಡವಾಗುತ್ತದೆ. ತಡವಾಗುವುದೆಂದು ಕಂಡಾಗ ಅವಳೇ ಕರೆ ಮಾಡುತ್ತಾಳೆ. ಒಮ್ಮೊಮ್ಮೆ ಅವಳಾಗಿಯೇ ತಾನಿರುವ ಜಾಗ ಒಂದು ಗಂಟೆಯ ಕಾಲ ಕಾಣುವಂತೆ ನನ್ನ ಮೊಬೈಲಿಗೆ ಕಳುಹಿಸುತ್ತಾಳೆ. ಗಂಟೆ ಮುಗಿದೊಡನೆ ಅದು ಅಳಿಸಿಹೋಗುತ್ತದೆ. ನಾನು ಮತ್ತೆ ಕಲ್ಲುಬೆಂಚಿನ ಮೇಲೆ ಕುಳಿತುಕೊಳ್ಳುತ್ತೇನೆ. ಚೀಲದ ಒಳಪದರವನ್ನು ಹೊಲಿದುಕೊಡಲೇ ಎಂದು ಒಂದು ದಿನ ಕೇಳಿದೆ. ಬೇಡವೆಂದು ತಾನೇ ಕಪ್ಪು ದಾರದಿಂದ ಹೊಲಿದುಕೊಂಡಳು. ಬೆಳಿಗ್ಗೆ ಹೊರಡುವ ಮುನ್ನ ಆ ಹೊಲಿಗೆಯ ಮೇಲೆ ಬೆರಳನ್ನು ಒಮ್ಮೆ ಆಡಿಸುತ್ತಾಳೆ. ಅಭ್ಯಾಸವಾಗಿಬಿಟ್ಟಿದೆಯೆಂದು ತೋರುತ್ತದೆ, ನಾನು ಎದುರಿಗಿರುವುದನ್ನು ನೋಡಿದರೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.